ದರ್ಜಿಯಕ್ಕನ ಅಳತೆ ಕಾಗದ

ತಮ್ಮನ ಹೆಂಡತಿಗೆ ‘ಹಸಿರಮ್ಮ’ ಎಂದು ಹೆಸರಿಟ್ಟವಳು ದರ್ಜಿಯಕ್ಕನೇ. ಅದನ್ನು ಅವಳ ಮುಖಕ್ಕೇ ಹೇಳಿದವಳೂ ಅವಳೇ. ಆ ಪುಣ್ಯಾತ್ಗಿತ್ತಿ ಬೇಜಾರು ಮಾಡಿಕೊಳ್ಳುವುದು ಬಿಟ್ಟು, ಅದೇ ಹೆಸರನ್ನು ಫೋನಿನಲ್ಲಿ ತನ್ನ ಫೋಟೋದ ಕೆಳಗೆ ಹಾಕಿಕೊಂಡಳು. ಬೈದದ್ದನ್ನೇ ಬಿರುದು ಮಾಡಿಕೊಳ್ಳುವವರ ಹತ್ತಿರ ಏನು ಜಗಳವಾಡುವುದು?

ಉಡುಗೊರೆಗೆ ಬಣ್ಣದ ಕಾಗದ ಸುತ್ತಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವುದು ಹಸಿರಮ್ಮನ ಕಸುಬು. ಆ ಮಿರಿಮಿರಿ ಕಾಗದ ಮಣ್ಣಿನಲ್ಲಿ ಕರಗುವುದಿಲ್ಲ, ಒಂದು ನಿಮಿಷದ ಸಂಭ್ರಮಕ್ಕೆ ನೂರು ವರ್ಷದ ಕಸ, ಹಳೆ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಡಿ, ಗಾಜಿನ ಸೀಸೆಯಲ್ಲಿಟ್ಟು ಕೊಡಿ, ಓದಿ ಬಿಟ್ಟ ಪತ್ರಿಕೆಯಲ್ಲಿ ಸುತ್ತಿ ಕೊಡಿ. ‘ಕಸದಿಂದ ರಸ’ ಎಂದು ತರಗತಿ ಬೇರೆ ನಡೆಸುತ್ತಿದ್ದಳು. ಮಾತೇನೋ ಸರಿಯಾದದ್ದೇ, ಇಲ್ಲವೆನ್ನುವ ಹಾಗಿಲ್ಲ. ದರ್ಜಿಯಕ್ಕನಿಗೆ ಸಿಟ್ಟಿದ್ದದ್ದು ಮಾತಿನ ಮೇಲಲ್ಲ, ಆಡುವ ಬಾಯಿಯ ಮೇಲೆ. ಹಳೆ ಸೀಸೆ ಬೇಕೆಂದು ಡಜನುಗಟ್ಟಲೆ ಸೀಸೆ ಜಾಮ್ ಕೊಂಡು ತಂದು, ಜಾಮನ್ನೆಲ್ಲ ಸಿಂಕಿಗೆ ಸುರಿದವಳು ಈಕೆ. ಹೊಚ್ಚ ಹೊಸ ಬಿಳಿ ಬಟ್ಟೆಯನ್ನು ಚಹಾದ ನೀರಿನಲ್ಲಿ ಅದ್ದಿ ಒಣಗಿಸಿ, ‘ನಮ್ಮಜ್ಜಿ ಕಾಲದ್ದು’ ಎಂದು ಕಣ್ಣು ತೇವ ಮಾಡಿಕೊಂಡು ತೋರಿಸಿದವಳು. ಅಜ್ಜಿ ಇನ್ನೂ ಗುಂಡುಕಲ್ಲಿನ ಹಾಗಿದ್ದಾಳೆ, ನೋಡಿದ್ದರೆ ಸೌಟು ಹಿಡಿದುಕೊಂಡು ಬರುತ್ತಿದ್ದಳು. ಪ್ಲಾಸ್ಟಿಕ್ ಬೇಡವೆಂದು ಕೊಳ್ಳುವ ಸೆಣಬಿನ ಹುರಿ ಆ ಮನೆಗೆ ಬರುತ್ತಿದ್ದದ್ದು ಪ್ಲಾಸ್ಟಿಕ್ ಚೀಲದಲ್ಲಿ.

ಹೋದ ವಾರ ಈ ಹಸಿರಮ್ಮ ಅಂಗಡಿಗೆ ಬಂದು, ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು, “ಅಕ್ಕಾ, ನಲವತ್ತು ಉಡುಗೊರೆ ಸುತ್ತೋದಿದೆ. ನಿಮ್ಮ ಹತ್ರ ಏನಾದ್ರೂ ವೇಸ್ಟ್ ಇದ್ಯಾ?” ಎಂದು ಕೇಳಿದ್ದಳು.

“ಮೂಲೇಲಿ ಚಿಂದಿ ಗೋಣಿ ಇದೆ. ಎಷ್ಟು ಬೇಕೋ ತಗೊಂಡು ಹೋಗು. ನನಗೂ ಜಾಗ ಆಗುತ್ತೆ,” ಎಂದಿದ್ದಳು ದರ್ಜಿಯಕ್ಕ.

ಅಷ್ಟರಲ್ಲಿ ಜ್ವರ ಬಂತು. ಮೂರು ದಿನ ಅಂಗಡಿ ಮುಚ್ಚಿತ್ತು. ಬೀಗದ ಇನ್ನೊಂದು ಕೈ ತಮ್ಮನ ಹತ್ತಿರವಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ಮೈ ಹಗುರಾಯಿತೆಂದು ಬಂದು ಬಾಗಿಲು ತೆಗೆದರೆ, ಮೂಲೆಯಲ್ಲಿ ಚಿಂದಿ ಗೋಣಿ ಹಾಗೇ ಕೂತಿತ್ತು. ಗೋಡೆಯ ಕೊಕ್ಕೆಗಳು ಮಾತ್ರ ಬೋಳಾಗಿದ್ದವು.

ಆ ಕೊಕ್ಕೆಗಳಲ್ಲಿ ತೂಗುತ್ತಿದ್ದದ್ದು ಅಳತೆ ಕಾಗದಗಳು. ಗಿರಾಕಿಯ ಮೈಯಳತೆ ತೆಗೆದು, ದಪ್ಪನೆಯ ಕಂದು ಕಾಗದದ ಮೇಲೆ ಮುಂಭಾಗ, ಹಿಂಭಾಗ, ತೋಳು ಎಂದು ಗೀಟೆಳೆದು ಕತ್ತರಿಸಿ ಇಟ್ಟುಕೊಂಡರೆ ಮುಂದಿನ ಸಲ ಅದನ್ನೇ ಬಟ್ಟೆಯ ಮೇಲೆ ಹರಡಿ ಕತ್ತರಿಸಬಹುದು. ಅಪ್ಪನ ಕಾಲದಿಂದಲೂ ಅಂಗಡಿ ನಡೆಯುತ್ತಿದ್ದದ್ದು ಹೀಗೆ. ಇಪ್ಪತ್ತೆಂಟು ವರ್ಷದ ಕಾಗದಗಳು ಅಲ್ಲಿದ್ದವು. ಮಂಗನ ಕೈಗೆ ಮಾಣಿಕ್ಯ ಸಿಕ್ಕಿದ ಹಾಗಾಯಿತಲ್ಲ ಎಂದು ದರ್ಜಿಯಕ್ಕ ಹಣೆ ಚಚ್ಚಿಕೊಂಡಳು. ಬೆರಳು ತೋರಿಸಿದರೆ ಹಸ್ತ ನುಂಗುವ ಜನ!

ಆದರೆ ಕಾಗದ ಹೋಯಿತಲ್ಲ ಎಂಬ ಸಂಕಟ ಒಂದು ನಿಮಿಷವೂ ನಿಲ್ಲಲಿಲ್ಲ. ಅದರ ಹಿಂದೆಯೇ ಇನ್ನೊಂದು ನೆನಪಾಯಿತು. ಕಾಗದಗಳ ಮೇಲೆ ಅವಳು ಪೆನ್ಸಿಲಿನಲ್ಲಿ ಬರೆದಿದ್ದಳು.

ಅಳತೆ ಕಾಗದದ ಮೇಲೆ ಗಿರಾಕಿಯ ಹೆಸರು ಬರೆಯಬಾರದು ಎಂಬುದು ಅಪ್ಪನ ಕಟ್ಟಳೆ. ಒಬ್ಬಳ ಸೊಂಟದ ಸುತ್ತಳತೆ ಇನ್ನೊಬ್ಬಳ ಕಣ್ಣಿಗೆ ಬಿದ್ದರೆ ಅಂಗಡಿ ಮುಚ್ಚಿದ ಹಾಗೆಯೇ ಲೆಕ್ಕ. ಅದಕ್ಕೇ ಅಪ್ಪ ಅಡ್ಡಹೆಸರು ಬರೆಯುತ್ತಿದ್ದ. ಪಾಪ, ಅವನವು ಸಪ್ಪೆ ಹೆಸರುಗಳು: ‘ಮೂಲೆಮನೆ’, ‘ಕನ್ನಡಕ’, ‘ನಗುಮುಖ’. ಮಗಳ ಕೈಗೆ ಪೆನ್ಸಿಲ್ ಬಂದ ಮೇಲೆ ಹೆಸರುಗಳಿಗೆ ಉಪ್ಪು ಹುಳಿ ಖಾರ ಬಿತ್ತು. ‘ಉರುಳೋ ಪೀಪಾಯಿ’, ‘ಗೂನು ಬೆನ್ನಿನ ಬಿನ್ನಾಣಗಿತ್ತಿ’, ‘ಬಿಟ್ಟಿ ಬಟನ್’. ಗಿರಾಕಿ ಮೆಟ್ಟಿಲಿಳಿಯುತ್ತಿದ್ದಂತೆ ಹೆಸರು ತಾನಾಗಿ ನಾಲಿಗೆಗೆ ಬರುತ್ತಿತ್ತು. ದಿನವಿಡೀ ಬಗ್ಗಿ ಹೊಲಿಯುವವಳಿಗೆ ಬೇರೆ ಯಾವ ಮನರಂಜನೆ ಇತ್ತು?

ಅವುಗಳ ನಡುವೆ ಒಂದು ಕಾಗದವಿತ್ತು, ಲೆಕ್ಕದ ಟೀಚರದ್ದು. ನಾಲ್ಕು ವರ್ಷದ ಹಿಂದೆ ಆಕೆ ಅಂಗಡಿ ಮುಚ್ಚುವ ಹೊತ್ತಿಗೆ ಸರಿಯಾಗಿ ಬಂದು, ಬಾಗಿಲು ಹಾಕಿ ಎಂದು ತಾನೇ ಹೇಳಿ, ಪರದೆಯ ಹಿಂದೆ ನಿಂತು ಅಂಗಿ ಬಿಚ್ಚಿದ್ದರು. ಆಪರೇಷನ್ನಿನಲ್ಲಿ ಎಡಗಡೆಯ ಎದೆ ತೆಗೆದುಬಿಟ್ಟಿದ್ದರು. ದೂರದೂರಿಗೆ ಹೋಗಿ ಮಾಡಿಸಿಕೊಂಡು, ಶಾಲೆಯಲ್ಲಿ ಬೆನ್ನುನೋವಿನ ರಜೆ ಎಂದು ಹೇಳಿದ್ದರಂತೆ. “ಯಾರಿಗೂ ಗೊತ್ತಾಗದ ಹಾಗೆ ಹೊಲಿದು ಕೊಡ್ತೀರಾ?” ಎಂದು ಕೇಳಿದ್ದರು. ದರ್ಜಿಯಕ್ಕ ಹೊಲಿದುಕೊಟ್ಟಳು. ಒಳಗೆ ಹತ್ತಿಯ ಪದರ ಇಟ್ಟು ಎಷ್ಟು ನಾಜೂಕಾಗಿ ಹೊಲಿದಳೆಂದರೆ, ನಾಲ್ಕು ವರ್ಷದಲ್ಲಿ ಶಾಲೆಯ ಒಂದು ನರಪಿಳ್ಳೆಗೂ ಸುಳಿವು ಸಿಗಲಿಲ್ಲ. ಈ ಗುಟ್ಟನ್ನು ಅವಳು ಹೆತ್ತಮ್ಮನಿಗೂ ಹೇಳಿರಲಿಲ್ಲ. ಆದರೆ ಅವತ್ತು ಟೀಚರ್ ಹೋದ ಮೇಲೆ ಅಭ್ಯಾಸಬಲದಿಂದ ಪೆನ್ಸಿಲ್ ತೆಗೆದು ಬರೆದಿದ್ದಳು: ‘ಲೆಕ್ಕದ ಕೊಕ್ಕರೆ. ಎಡಗಡೆ ಖಾಲಿ. ಹತ್ತಿ ಮೂರು ಪದರ.’ ಟೀಚರ ಉದ್ದ ಕತ್ತು ಇಡೀ ಊರಿಗೆ ಗೊತ್ತು.

ದರ್ಜಿಯಕ್ಕ ಹಸಿರಮ್ಮನಿಗೆ ಫೋನು ಹಚ್ಚಿದಳು.

“ಅಕ್ಕಾ! ನಾನೇ ಮಾಡೋಣ ಅಂತಿದ್ದೆ. ಚಿಂದಿ ತಗೊಳ್ಳೋಣ ಅಂತ ಹೋದ್ರೆ ಗೋಡೆ ಮೇಲೆ ಆ ಹಳೆ ಪೇಪರ್! ಎಂಥಾ ಕಲರ್, ಎಂಥಾ ಪೆನ್ಸಿಲ್ ಗೆರೆ! ದುಡ್ಡು ಕೊಟ್ರೂ ಸಿಗಲ್ಲ ಅಂಥದ್ದು. ಧೂಳು ತಿಂತಾ ಇತ್ತು ಅಷ್ಟೇ.”

“ಎಲ್ಲಿವೆ ಈಗ ಅವು?”

“ಎಲ್ಲಾ ಸುತ್ತಿ ಆಯ್ತು. ಶಾಲೆ ಹಾಲ್‌ನಲ್ಲಿದ್ದೀನಿ. ಇವತ್ತು ಟೀಚರ್‌ಗಳಿಗೆಲ್ಲ ವರ್ಷದ ಕೊನೆ ಪಾರ್ಟಿ ಅಲ್ವಾ, ಮೂರು ಗಂಟೆಗೆ. ನೀವೂ ಬನ್ನಿ. ನಿಮ್ಮ ಕೈಬರಹ ಇರೋ ಕಡೆ ಎಲ್ಲಾ ಹೊರಗೆ ಕಾಣೋ ಹಾಗೆ ಮಡಚಿದ್ದೀನಿ ಅಕ್ಕಾ. ಅದೇ ಚಂದ!”

“ಓದಿದ್ಯಾ ಏನಿದೆ ಅಂತ?”

“ಅಯ್ಯೋ, ಓದೋಕೆ ಎಲ್ಲಿ ಪುರುಸೊತ್ತು!”

ಗಂಟೆ ಆಗಲೇ ಎರಡೂಮುಕ್ಕಾಲು. ದರ್ಜಿಯಕ್ಕ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಿದಳು. ಊರಿನಲ್ಲಿ ಅಷ್ಟೊಂದು ಆಫೀಸು, ಅಷ್ಟೊಂದು ಆಸ್ಪತ್ರೆ ಇರುವಾಗ ಈ ಮಹಾತಾಯಿಗೆ ಸಿಕ್ಕಿದ್ದು ಅದೇ ಶಾಲೆಯೇ? ಜ್ವರದ ಸುಸ್ತಿಗೆ ಕಾಲು ಎಳೆಯುತ್ತಿತ್ತು. ಬಾಯಿ ಮಾತ್ರ ದಾರಿಯುದ್ದಕ್ಕೂ ಹಸಿರಮ್ಮನ ಏಳು ತಲೆಮಾರನ್ನು ಜಾಲಾಡುತ್ತಿತ್ತು.

ಶಾಲೆ ಹಾಲ್‌ನ ವೇದಿಕೆಯ ಕೆಳಗೆ ಉದ್ದನೆಯ ಮೇಜು. ಅದರ ಮೇಲೆ ನಲವತ್ತು ಪೊಟ್ಟಣ. ಪ್ರತಿಯೊಂದಕ್ಕೂ ಸೆಣಬಿನ ಹುರಿ, ಹುರಿಗೆ ಸಿಕ್ಕಿಸಿದ ಒಂದು ಒಣಗಿದ ಎಲೆ. ದರ್ಜಿಯಕ್ಕ ಒಂದೊಂದನ್ನೇ ತಿರುಗಿಸಿ ನೋಡತೊಡಗಿದಳು. ಇದು ಪೀಪಾಯಿಯ ತೋಳು. ಇದು ಬಿನ್ನಾಣಗಿತ್ತಿಯ ಹಿಂಭಾಗ.

“ಅಕ್ಕಾ, ಎಲೆ ಉದುರುತ್ತೆ, ಮುಟ್ಟಬೇಡಿ!” ಎಂದು ಹಸಿರಮ್ಮ ಓಡಿಬಂದಳು. “ಏನು ಹುಡುಕ್ತಿದ್ದೀರಾ? ಹೇಳಿ, ನಾನೇ ತೆಗೆದುಕೊಡ್ತೀನಿ.”

ಹೇಳುವುದು ಹೇಗೆ? ಹಸಿರಮ್ಮನಿಗೆ ಹೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ. “ಏನೂ ಇಲ್ಲ. ನಿನ್ನ ಕೆಲಸ ನೋಡು,” ಎಂದು ದರ್ಜಿಯಕ್ಕ ಗದರಿದಳು. ಹನ್ನೊಂದನೆಯ ಪೊಟ್ಟಣಕ್ಕೆ ಕೈ ಹಾಕುವಷ್ಟರಲ್ಲಿ ಹೆಡ್ಮಿಸ್ಸು ದಡದಡನೆ ಬಂದರು, ಅವರ ಹಿಂದೆ ಟೀಚರ್‌ಗಳ ಹಿಂಡು. ಲೆಕ್ಕದ ಟೀಚರ್ ಮೂರನೆಯ ಸಾಲಿನ ತುದಿಯಲ್ಲಿ ನೆಟ್ಟಗೆ ಕೂತರು. ಮೈಮೇಲಿದ್ದದ್ದು ದರ್ಜಿಯಕ್ಕನೇ ಹೊಲಿದ ಬೂದು ಅಂಗಿ. ಇವಳನ್ನು ನೋಡಿ ಸಣ್ಣಗೆ ನಕ್ಕರು. ಆ ನಗುವನ್ನು ನೋಡಲಾಗದೆ ದರ್ಜಿಯಕ್ಕ ಗೋಡೆಯ ಕಡೆ ಸರಿದಳು.

ಹಸಿರಮ್ಮ ಕಾಲು ಗಂಟೆ ಭಾಷಣ ಬಿಗಿದಳು. ಭೂಮಿತಾಯಿ ಬಂದಳು, ಮುಂದಿನ ಪೀಳಿಗೆ ಬಂತು, ಅಜ್ಜಿಯೂ ಬಂದಳು. “ಸುತ್ತಿರೋ ಕಾಗದಾನೂ ಒಂದು ಉಡುಗೊರೆ. ದಯವಿಟ್ಟು ಯಾರೂ ಬಿಸಾಕಬೇಡಿ,” ಎಂದಳು. ಚಪ್ಪಾಳೆ ಬಿತ್ತು. ಪೊಟ್ಟಣಗಳು ಸಾಲಿನಿಂದ ಸಾಲಿಗೆ ಹರಿದವು. ಅರ್ಧ ಜನ ಪರಪರನೆ ಹರಿದು ಕುರ್ಚಿಯ ಕೆಳಗೆ ಬಿಸಾಕಿದರು. ಒಳಗಿದ್ದದ್ದು ಜಾಮ್ ಸೀಸೆಯಲ್ಲಿ ನೆಟ್ಟ ಒಂದು ಗಿಡ. ಇನ್ನರ್ಧ ಜನಕ್ಕೆ ಗಿಡಕ್ಕಿಂತ ಕಾಗದವೇ ರುಚಿಸಿತು.

“ಏಯ್, ಕೇಳ್ರೇ ಇಲ್ಲಿ! ‘ಉರುಳೋ ಪೀಪಾಯಿ. ಸೊಂಟ ನಲವತ್ತಾರು. ನಲವತ್ತು ಅಂತಾಳೆ, ನಂಬಬೇಡ!’”

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಹೆಡ್ಮಿಸ್ಸು. ಪೀಪಾಯಿ ಅವರೇ ಎಂದು ಪುಣ್ಯಕ್ಕೆ ಅವರಿಗೆ ಗೊತ್ತಾಗಲಿಲ್ಲ. ದರ್ಜಿಯಕ್ಕ ಗೋಡೆಗೆ ಆತುಕೊಂಡು ಬೆವರಿದಳು. ಒಬ್ಬೊಬ್ಬರೂ ಎದ್ದು ನಿಂತು ಓದುವ ಆಟವೇ ಶುರುವಾಯಿತು. ಹಸಿರಮ್ಮ ಫೋನು ಹಿಡಿದು ಚಿತ್ರ ತೆಗೆಯುತ್ತ ಕುಣಿಯುತ್ತಿದ್ದಳು.

ಆಗ ಎರಡನೆಯ ಸಾಲಿನಿಂದ ಹಾಡಿನ ಟೀಚರ್ ಎದ್ದರು. ಅವರ ಗಂಟಲಿಗೆ ಮೈಕು ಬೇಡ. ಅವರು ಕಾಗದವನ್ನು ಬೆಳಕಿಗೆ ಹಿಡಿದು, “ನಂದು ಕೇಳಿ. ‘ಲೆಕ್ಕದ ಕೊಕ್ಕರೆ...’” ಎಂದು ಶುರುಮಾಡಿದರು.

ಎಲ್ಲರ ಕತ್ತೂ ಮೂರನೆಯ ಸಾಲಿನ ಕಡೆ ತಿರುಗಿತು. ಯಾರೋ ಕಿಸಕ್ಕೆಂದರು. ದರ್ಜಿಯಕ್ಕ ಕುರ್ಚಿಗಳನ್ನು ದಬ್ಬಿಕೊಂಡು ನುಗ್ಗಿ, ಹಾಡಿನ ಟೀಚರ ಕೈಯಿಂದ ಕಾಗದ ಕಿತ್ತುಕೊಂಡು ಮುದ್ದೆ ಮಾಡಿದಳು. ಗಿಡದ ಸೀಸೆ ನೆಲಕ್ಕೆ ಬಿದ್ದು ಚೂರಾಯಿತು.

“ಇದೇನ್ರೀ ಇದು! ನಿಮಗೇನು ತಲೆ ಕೆಟ್ಟಿದ್ಯಾ?”

“ಹೌದು, ಕೆಟ್ಟಿದೆ. ನನ್ನ ಕಾಗದ, ನನ್ನಿಷ್ಟ,” ಎಂದವಳೇ ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು. ಹಿಂದೆ ಹಸಿರಮ್ಮ, “ಜ್ವರ ಇತ್ತು ಅವರಿಗೆ, ಸಾರಿ, ಸಾರಿ,” ಎನ್ನುತ್ತಿದ್ದದ್ದು ಕೇಳಿಸಿತು.

ಓಣಿಯಂಥ ವರಾಂಡದಲ್ಲಿ ನಿಂತು ದರ್ಜಿಯಕ್ಕ ಉಸಿರು ಬಿಟ್ಟಳು. ಉಳಿಯಿತು. ಎರಡೇ ಎರಡು ಪದ ಹೊರಬಿತ್ತು, ಮಿಕ್ಕದ್ದು ಮುಷ್ಟಿಯೊಳಗಿತ್ತು. ಈ ಹಸಿರು ಪಿಶಾಚಿಯ ಹುಚ್ಚಾಟದಿಂದ ಒಬ್ಬ ಹೆಣ್ಣುಮಗಳ ಮಾನವನ್ನು ಕೊನೇ ಗಳಿಗೆಯಲ್ಲಿ ಕಾಪಾಡಿದೆನಲ್ಲ ಎಂದು ಅವಳಿಗೆ ಹೆಮ್ಮೆಯೇ ಆಯಿತು. ನಾಳೆ ತಮ್ಮನನ್ನೂ ಕೂರಿಸಿಕೊಂಡು ಇಬ್ಬರಿಗೂ ಗ್ರಹಚಾರ ಬಿಡಿಸಬೇಕು ಎಂದುಕೊಳ್ಳುತ್ತಿರುವಾಗ ಹಿಂದೆ ಹೆಜ್ಜೆ ಸಪ್ಪಳವಾಯಿತು.

ಲೆಕ್ಕದ ಟೀಚರ್ ನಿಂತಿದ್ದರು. ಕೈ ಚಾಚಿ, “ಕೊಡಿ ಇಲ್ಲಿ,” ಎಂದರು.

“ಏನೂ ಇಲ್ಲ ಟೀಚರ್. ಬರೀ ಅಳತೆ. ಯಾರಿಗೂ ಏನೂ ಗೊತ್ತಾಗ್ಲಿಲ್ಲ, ನಾನಿದ್ದೆನಲ್ಲ. ಸುಟ್ಟು ಹಾಕ್ತೀನಿ ಇದನ್ನ.”

“ನಂದಲ್ವಾ? ಕೊಡಿ.”

ಮಕ್ಕಳ ಕೈಯಿಂದ ಚೀಟಿ ಕಸಿದುಕೊಳ್ಳುವ ದನಿ ಅದು. ದರ್ಜಿಯಕ್ಕನ ಮುಷ್ಟಿ ತಾನಾಗಿ ಬಿಚ್ಚಿಕೊಂಡಿತು. ಟೀಚರ್ ಕಾಗದವನ್ನು ಗೋಡೆಗೆ ಒತ್ತಿ ಹಿಡಿದು, ಅಂಗೈಯಿಂದ ಸುಕ್ಕು ತೀಡಿ ಓದಿದರು. ಮೂರು ಸಾಲು ಓದಲು ಅಷ್ಟು ಹೊತ್ತು ಬೇಕಿರಲಿಲ್ಲ.

“ಕೊಕ್ಕರೆ ಅಂತ ಮಕ್ಕಳೂ ಅಂತಾರೆ,” ಎಂದರು ಕೊನೆಗೆ. “ಅದಕ್ಕೇನಿಲ್ಲ.”

“ಟೀಚರ್, ಅದು... ನಮ್ಮ ಕಸುಬಲ್ಲಿ ಗುರುತಿಗೆ ಹಾಗೆ ಬರೀತೀವಿ. ಯಾರಿಗೂ ಗೊತ್ತಾಗ್ಬಾರ್ದು ಅಂತಾನೇ...”

“ಖಾಲಿ ಅಂತ ಬರೆದಿದ್ದೀರಿ.”

   ಅವತ್ತು ಪರದೆಯ ಹಿಂದೆ ನಿಂತಿದ್ದ ಈ ಹೆಂಗಸು ಚಳಿಯಿಲ್ಲದಿದ್ದರೂ ನಡುಗುತ್ತಿದ್ದದ್ದು ದರ್ಜಿಯಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೂ ಬರೆದಿದ್ದಳು. ಬರೆದು, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, ಒಬ್ಬಳೇ ಒಂದಿಷ್ಟು ನಕ್ಕಿದ್ದಳು. ಈಗ ಅವಳಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸುವಷ್ಟು ನಾಚಿಕೆಯಾಯಿತು.

ಟೀಚರ್ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗೆ ಇಟ್ಟುಕೊಂಡರು.

“ನನ್ನ ಗಂಡನಿಗೂ ನಾನು ಇನ್ನೂ ತೋರಿಸಿಲ್ಲ,” ಎಂದರು. “ನಿಮಗೆ ತೋರಿಸಿದ್ದೆ.”

ಅಷ್ಟು ಹೇಳಿ, ನೆಟ್ಟಗೆ, ಕತ್ತು ಒಂದಿಷ್ಟೂ ಬಗ್ಗಿಸದೆ, ನಗು ಇನ್ನೂ ನಿಲ್ಲದ ಆ ಹಾಲ್‌ನೊಳಗೆ ವಾಪಸು ಹೋದರು.

ಸ್ವಲ್ಪ ಹೊತ್ತಿಗೆ ಹಸಿರಮ್ಮ ಮುಖ ಸಣ್ಣದು ಮಾಡಿಕೊಂಡು ಬಂದಳು. “ಅಕ್ಕಾ, ನನ್ನಿಂದ ಏನೋ ತಪ್ಪಾಯ್ತು ಅನ್ಸುತ್ತೆ. ಕೇಳಿ ತಗೋಬೇಕಿತ್ತು. ಅಷ್ಟೊಂದು ಸಿಟ್ಟು ಬರೋ ಅಂಥದ್ದು ಟೀಚರ್ ಬಗ್ಗೆ ಏನಿತ್ತು ಅದರಲ್ಲಿ?”

“ಅವರ ಬಗ್ಗೆ ಏನೂ ಇರಲಿಲ್ಲ,” ಎಂದಳು ದರ್ಜಿಯಕ್ಕ. “ನನ್ನ ಬುದ್ಧಿ ಎಂಥದ್ದು ಅಂತ ಇತ್ತು. ನೀನು ಸರಿಯಾಗೇ ಮಡಚಿದ್ದೆ, ಹೊರಗೆ ಕಾಣೋ ಹಾಗೆ.”