ಮುಳ್ಳು ಸುಳ್ಳು ಹೇಳಲ್ಲ

"ಇನ್ನೊಂದ್ಸಲ ಲೈಟ್ ಹಾಕಪ್ಪ," ಎಂದಳು ಟೇಪಕ್ಕ.

ಸೀಟಿನ ಮೇಲಿದ್ದ ಡ್ರೈವರ್ ಸ್ವಿಚ್ಚು ತಿರುಗಿಸಿದ. ಪುಟ್ಟ ಟ್ರ್ಯಾಕ್ಟರಿನ ಎರಡೂ ದೀಪಗಳು ಗ್ಯಾರೇಜಿನ ಹಿಂಗೋಡೆಗೆ ಬೆಳಕು ಚೆಲ್ಲಿದವು. ಅರ್ಧಕ್ಕಿಂತ ಮೇಲಿದ್ದ ಡೀಸೆಲ್ ಮುಳ್ಳು, ಕಾಲು ಸೋತವರು ಗೋಡೆ ಹಿಡಿದು ಕೂರುವ ಹಾಗೆ, ಮೆಲ್ಲಗೆ ಇಳಿದು ಖಾಲಿಯ ಗೆರೆಯ ಪಕ್ಕ ಕೂತಿತು.

"ನಾ ಹೇಳ್ಲಿಲ್ವಾ?" ಎಂದ ಡ್ರೈವರ್. "ಕತ್ತಲಾಗ್ತಿದ್ದ ಹಾಗೆ ಟ್ಯಾಂಕ್ ಖಾಲಿ. ಬೆಳಿಗ್ಗೆ ಬಂದು ನೋಡಿದ್ರೆ ತುಂಬಿರುತ್ತೆ. ಯಾರೋ ಪುಣ್ಯಾತ್ಮ ಕದ್ದು ಡೀಸೆಲ್ ಹಾಕಿ ಹೋಗ್ತಾನೆ ಅಂತ ಗಿಡದ ನರ್ಸರಿಯಲ್ಲೆಲ್ಲ ಒಂದೇ ನಗು."

ಟೇಪಕ್ಕನೂ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಅವಳ ಕಣ್ಣು ಪಕ್ಕದ ಮೀಟರಿನ ಮೇಲೆ ಬಿದ್ದಿತ್ತು. ಇಂಜಿನ್ನಿನ ಕಾವು ತೋರಿಸುವ ಮೀಟರು ಅದು. ಟ್ರ್ಯಾಕ್ಟರು ಮಣ್ಣು ಹೊತ್ತು ನೇರ ಇಲ್ಲಿಗೇ ಬಂದದ್ದು. ಬಾನೆಟ್ಟಿನ ಮೇಲೆ ಕೈ ಇಡುವಂತಿರಲಿಲ್ಲ. ಆದರೂ ಆ ಮುಳ್ಳು, ಇಂಜಿನ್ನು ಇನ್ನೂ ಶುರುವೇ ಆಗಿಲ್ಲವೆಂಬಂತೆ, ತಣ್ಣಗೆ ಕೆಳಗೆ ಮಲಗಿತ್ತು.

"ಆರಿಸು," ಎಂದಳು. ಎರಡೂ ಮುಳ್ಳು ಎದ್ದವು.

"ಹಾಕು." ಎರಡೂ ಮಲಗಿದವು.

"ಸಾಕು, ನೀನು ಇಳಿ. ನಾನು ನೋಡ್ತೀನಿ," ಎಂದಳು.

ಗ್ಯಾರೇಜು ಅವಳ ಅಣ್ಣನದು. ಇಂಜಿನ್ನು ಬಿಚ್ಚುವ ಕೆಲಸ ಅಲ್ಲಿಲ್ಲ. ವೈರು, ದೀಪ, ಬ್ಯಾಟರಿ, ಮೀಟರು, ಇಷ್ಟೇ. ಮಕ್ಕಳು ಶಾಲೆಗೆ ಹೋಗುವಷ್ಟಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರುವುದೇಕೆಂದು ಕೈಗೆ ಕೈ ಜೋಡಿಸಲು ಬಂದವಳು, ಈಗ ಅಣ್ಣನ ದಪ್ಪ ಬೆರಳು ಹೋಗದ ಕಡೆಯೆಲ್ಲ ತಾನೇ ಕೈ ತೂರಿಸುತ್ತಿದ್ದಳು. ವೈರು ಕೂಡಿಸಿ ಕಪ್ಪು ಟೇಪು ಸುತ್ತಿದ ಮೇಲೆ ಅದರ ತುದಿಯನ್ನು ಒಂದಿಷ್ಟು ಮಡಚಿ ಬಿಡುವುದು ಅವಳ ರೂಢಿ. ಮುಂದೆ ಬಿಚ್ಚುವವರು ಉಗುರು ಹಾಕಿ ಪರಚಾಡಬಾರದಲ್ಲ. ಬೇರೆ ಗ್ಯಾರೇಜಿನವರು ಆ ಮಡಿಕೆ ಕಂಡರೆ "ಇದು ಟೇಪಕ್ಕನ ಕೈ" ಎನ್ನುತ್ತಿದ್ದರು. ಹೆಸರು ಹಾಗೆ ಅಂಟಿತು.

ಅವಳ ಗಂಡನಿಗೂ ಒಂದು ಹೆಸರು ಅಂಟಿತ್ತು. ಅದರ ಕಥೆಯೇ ಬೇರೆ.

ಹೋದ ವರ್ಷ ಈ ಟ್ರ್ಯಾಕ್ಟರು ಓಡಿಸುತ್ತಿದ್ದವನು ಅವನೇ. ಗಿಡಗಳ ನರ್ಸರಿಯಲ್ಲಿ ಸಾಲುಗಳ ನಡುವೆ, ಒಂದು ಕುಂಡಕ್ಕೂ ಚಕ್ರ ತಾಗಿಸದೆ ತಿರುಗಿಸುತ್ತಿದ್ದ. ಒಂದು ಸಂಜೆ ಇಂಜಿನ್ನು ತಣಿಸುವ ನೀರಿನ ಪೈಪು ಸೀಳಿ, ಇಂಜಿನ್ನು ಕುದ್ದು, ಬಿಗಿದುಕೊಂಡು ನಿಂತುಬಿಟ್ಟಿತು. "ಮುಳ್ಳು ಕೆಳಗೇ ಇತ್ತು. ಲೈಟ್ ಹಾಕ್ಕೊಂಡು ಬರ್ತಿದ್ದೆ, ನೋಡ್ತಾನೇ ಇದ್ದೆ," ಎಂದ. ಮೀಟರು ನೋಡಿಸಲು ನರ್ಸರಿಯ ಮಾಲೀಕರು ಗಾಡಿಯನ್ನು ಇಲ್ಲಿಗೇ ಎಳೆತರಿಸಿದರು. ಮಟಮಟ ಮಧ್ಯಾಹ್ನ, ನಾಲ್ಕು ಜನರ ಎದುರು, ಅಣ್ಣ ಇಂಜಿನ್ನಿನಿಂದ ಬರುವ ವೈರನ್ನು ಕಳಚಿ ಗಾಡಿಯ ಮೈಗೆ ತಾಗಿಸಿದ. ಮುಳ್ಳು ಛಂಗನೆ ಕೆಂಪು ಗೆರೆಗೆ ನೆಗೆಯಿತು. ಮೀಟರು ಸರಿಯಾಗಿಯೇ ಇತ್ತು.

"ಮುಳ್ಳು ಸುಳ್ಳು ಹೇಳಲ್ಲ ಭಾವ," ಎಂದ ಅಣ್ಣ.

ಬಿಗಿದ ವಾತಾವರಣ ಸಡಿಲಾಗಲಿ ಎಂದು ಅಂದ ಮಾತು. ಪ್ರಾಸ ಕೂಡಿದ್ದರಿಂದ ಎಲ್ಲರೂ ನಕ್ಕರು. ಅಂದಿನಿಂದ ಅವನು ಮುಳ್ಳಪ್ಪನಾದ. ಮಾಲೀಕರು ಒಳ್ಳೆಯವರು, ಕೆಲಸದಿಂದ ತೆಗೆಯಲಿಲ್ಲ. ಸ್ಟೀರಿಂಗ್ ಬಿಡಿಸಿ ಗಿಡಗಳಿಗೆ ನೀರು ಬಿಡುವ ಪೈಪು ಕೊಟ್ಟರು.

ಅಂದು ಊಟಕ್ಕೆ ಕೂತಾಗ ಅವನು ತಟ್ಟೆ ನೋಡುತ್ತಲೇ ಕೇಳಿದ್ದ, "ನಿಂಗಾದ್ರೂ ನನ್ನ ಮಾತು ನಿಜ ಅನ್ಸುತ್ತೇನೇ?"

ಅವಳು ಬಡಿಸುತ್ತ ಅಂದಿದ್ದಳು, "ಹೋಗ್ಲಿ ಬಿಡಿ, ಆದದ್ದಾಯ್ತು. ದಣಿದಿದ್ರಿ. ಒಂದು ಗಳಿಗೆ ಕಣ್ಣು ಹತ್ತಿದ್ರೆ ಯಾರೇನು ಮಾಡೋಕಾಗುತ್ತೆ?"

ಅವನು ಮತ್ತೆ ಆ ಸುದ್ದಿ ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಬೇರೆ ಹೆಂಗಸಾಗಿದ್ದರೆ ದಿನಾ ಚುಚ್ಚಿ ತಿನ್ನುತ್ತಿದ್ದಳು, ನಾನು ಒಂದು ಮಾತೂ ಆಡಲಿಲ್ಲ ಎಂದು ಒಳಗೊಳಗೇ ತನ್ನ ದೊಡ್ಡ ಮನಸ್ಸಿಗೆ ತಾನೇ ಬೆನ್ನು ತಟ್ಟಿಕೊಂಡು ವರ್ಷ ಕಳೆದಿದ್ದಳು.

ಈಗ ಡ್ಯಾಶ್‌ಬೋರ್ಡಿನ ತಿರುಪು ಬಿಚ್ಚಿ ಮುಂದಕ್ಕೆ ಬಾಗಿಸಿದಳು. ಮೀಟರುಗಳ ಹಿಂದೆ, ಕರೆಂಟು ಅಳೆಯುವ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದಳು. ಗಾಡಿಯ ದೀಪ ಆರಿಸಿದ್ದಾಗ ಅದು ಬೆಳ್ಳಗೆ ಉರಿಯಿತು. ದೀಪ ಹಾಕಿದೊಡನೆ ಕೆಂಡದ ಹಾಗೆ ಮಂಕಾಯಿತು. ಮೀಟರಿಗೆ ಬರುವ ಕರೆಂಟು ದಾರಿಯಲ್ಲೇ ಎಲ್ಲೋ ಸಿಕ್ಕಿಕೊಳ್ಳುತ್ತಿದೆ. ದೀಪಗಳು ಎಳೆದುಕೊಂಡ ಮೇಲೆ ಮುಳ್ಳಿಗೆ ಉಳಿಯುವುದು ಚೂರುಪಾರು. ವೈರಿನ ಜಾಡು ಹಿಡಿದು ಬೆರಳು ಹಿಂದಕ್ಕೆ ನಡೆಸಿದಳು. ಸ್ಟೀರಿಂಗಿನ ಕೆಳಗೆ, ಕಣ್ಣಿಗೆ ಕಾಣದ ಸಂದಿಯಲ್ಲಿ, ಬೆರಳಿಗೆ ಏನೋ ಬಿಸಿ ಹತ್ತಿತು. ಟಾರ್ಚು ಬೇಕಾಗಲಿಲ್ಲ. ಬಿಸಿಯ ಪಕ್ಕದಲ್ಲೇ ಟೇಪಿನ ಸಣ್ಣ ಮಡಿಕೆ ಸಿಕ್ಕಿತು.

ಅವಳಿಗೆ ಎಲ್ಲ ನೆನಪಾಯಿತು. ಹೊತ್ತು ಬೇಗ ಮುಳುಗುವ ದಿನಗಳಿಗೆಂದು ಮಾಲೀಕರು ದೊಡ್ಡ ದೀಪ ಹಾಕಿಸಿದ್ದರು. ಮೀಟರಿನ ವೈರಿನಿಂದಲೇ ದೀಪಕ್ಕೂ ಕರೆಂಟು ಎಳೆದವಳು ಅವಳು. ಜಾಯಿಂಟಿಗೆ ಸೀಸ ಕರಗಿಸಿ ಬೆಸೆಯಬೇಕಿತ್ತು, ಬೆಸುಗೆ ಕಡ್ಡಿ ಕಾದಿರಲಿಲ್ಲ, ಹೊರಗೆ ಮಾಲೀಕರು ಹಾರನ್ ಬಾರಿಸುತ್ತಿದ್ದರು. ತಿರುವಿ, ಟೇಪು ಸುತ್ತಿ, ಮತ್ತೆ ಬಂದಾಗ ಬೆಸೆದರಾಯಿತು ಅಂದುಕೊಂಡಿದ್ದಳು. ಗಾಡಿ ಮತ್ತೆ ಬಂದದ್ದು ಇಂಜಿನ್ನು ಸುಟ್ಟುಕೊಂಡು. ಅಂದು ಅವಳು ಗಂಡನ ಪಾಲಿನ ನಾಚಿಕೆಯನ್ನೂ ತಾನೇ ಹೊತ್ತು, ಬಾಗಿಲ ಮರೆಯಲ್ಲಿ ನೆಲ ನೋಡುತ್ತ ನಿಂತಿದ್ದಳು. ಆ ಮಧ್ಯಾಹ್ನದಲ್ಲಿ ಯಾರೂ ದೀಪ ಹಾಕಿ ನೋಡಿರಲಿಲ್ಲ, ಸ್ಟೀರಿಂಗಿನ ಕೆಳಗೆ ಬಗ್ಗಿಯೂ ನೋಡಿರಲಿಲ್ಲ.

ಅಣ್ಣ ಬಂದು ಬಗ್ಗಿದ. ಅವಳು ಟೇಪು ಬಿಚ್ಚಿದ್ದ ತಾಮ್ರ ಹಸಿರುಗಟ್ಟಿ, ನಡುವೆ ಕರಕಲಾಗಿತ್ತು. ಅವನಿಗೆ ವಿವರಿಸಿ ಹೇಳಬೇಕಾಗಲಿಲ್ಲ. ಹೊರಗೆ ಕೂತಿದ್ದ ಡ್ರೈವರ್ ಕಡೆ ನೋಡಿ ದನಿ ತಗ್ಗಿಸಿದ.

"ಇಲಿ ಕಡಿದಿತ್ತು ಅನ್ನು."

"ಇದು ನನ್ನ ಜಾಯಿಂಟು, ಅಣ್ಣ."

"ಅದಕ್ಕೇ ಹೇಳಿದ್ದು. ನಿನ್ನ ಕೈ, ನನ್ನ ಬಾಯಿ, ಎರಡೂ ಬೀದಿಗೆ ಬರುತ್ತೆ. ಬೆಸೆದು ಕಳಿಸಿಬಿಡು, ತಾಯಿ. ಭಾವನೂ ಈಗ ಆರಾಮಾಗಿದಾರೆ."

"ಕಂಡೋರೆಲ್ಲ ಮುಳ್ಳಪ್ಪ ಅಂದ್ರೆ ಆರಾಮಾ?"

"ಮರೀತಾರೆ ಬಿಡು. ನೀನೇ ಎತ್ತಿ ನೆನಪು ಮಾಡಬೇಡ."

ಅವನು ಬೆಸುಗೆ ಕಡ್ಡಿಯ ಸ್ವಿಚ್ಚು ತಾನೇ ಹಾಕಿ ಒಳಗೆ ಹೋದ. ಹಿಂಗೋಡೆಯ ಮೇಜಿನ ಮೇಲೆ ಕಡ್ಡಿ ಕಾಯತೊಡಗಿತು. ಟೇಪಕ್ಕ ತಾಮ್ರವನ್ನು ಉಜ್ಜಲು ಮರಳು ಕಾಗದ ಎತ್ತಿಕೊಂಡಳು, ಹಾಗೇ ಕೆಳಗಿಟ್ಟಳು. ಒಮ್ಮೆ ಉಜ್ಜಿ ಬೆಸೆದರೆ ಮುಗಿಯಿತು. ಆ ಮೇಲೆ ಯಾರು ಎಷ್ಟು ಸಲ ದೀಪ ಹಾಕಿದರೂ ಮುಳ್ಳು ಅಲುಗುವುದಿಲ್ಲ. ಅವನ ಮಾತಿಗಿದ್ದ ಒಂದೇ ಸಾಕ್ಷಿ ಅವಳ ಬೆರಳ ನಡುವೆ ಇತ್ತು.

"ನಿಮ್ಮ ಮುಳ್ಳಪ್ಪ ಬಂದ್ರು ನೋಡಿ ಟೇಪಕ್ಕ," ಎಂದ ಡ್ರೈವರ್. ಕುಹಕವೇನಿರಲಿಲ್ಲ. ಅವನಿಗೆ ಗೊತ್ತಿದ್ದ ಹೆಸರೇ ಅದು.

ರಸ್ತೆಯಾಚೆ, ಮುಚ್ಚಿದ ಅಂಗಡಿಯ ಮೆಟ್ಟಿಲ ಬಳಿ ಅವನು ನಿಂತಿದ್ದ. ಕೆಲಸ ಬಿಟ್ಟು ದಿನಾ ಅವಳನ್ನು ಕರೆದೊಯ್ಯಲು ಬರುತ್ತಿದ್ದ. ರಸ್ತೆ ಮಾತ್ರ ದಾಟುತ್ತಿರಲಿಲ್ಲ. ಅವಳು ಕರಕಲಾದ ವೈರನ್ನು ಮೊದಲಿದ್ದ ಹಾಗೇ ತಿರುವಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಆಚೆ ಹೋದಳು.

"ಒಳಗೆ ಬನ್ನಿ."

"ಮುಗಿಸ್ಕೊಂಡು ಬಾ. ಇಲ್ಲೇ ಇರ್ತೀನಿ."

"ಬನ್ನಿ ರೀ."

"ನಂಗೆ ಅಲ್ಲೇನು ಕೆಲಸ?"

"ಸೀಟಿನ ಮೇಲೆ ಕೂರೋ ಕೆಲಸ."

ಅವಳು ತಮಾಷೆ ಮಾಡುತ್ತಿದ್ದಾಳೋ ಎಂದು ಅವನು ಮುಖ ನೋಡಿದ. ನೋಡಿದ ಮೇಲೆ ರಸ್ತೆ ದಾಟಿ ಅವಳ ಹಿಂದೆ ಬಂದ. ನೀರಿನಲ್ಲಿ ನೆನೆದ ಪ್ಯಾಂಟಿನ ಅಂಚು ಗ್ಯಾರೇಜಿನ ನೆಲದ ಮೇಲೆ ಒದ್ದೆ ಗೆರೆ ಎಳೆಯಿತು. ಟ್ರ್ಯಾಕ್ಟರು ಹತ್ತಿ ಕೂತ. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ, ಸ್ಟೀರಿಂಗ್ ಮುಟ್ಟಲಿಲ್ಲ.

"ಕೀ ತಿರುಗಿಸಿ."

ಮುಳ್ಳುಗಳು ಎದ್ದು ನಿಂತವು.

"ಲೈಟ್ ಹಾಕಿ."

ಎರಡೂ ಮಲಗಿದವು. ಅವನು ಬಗ್ಗಿ ನೋಡಿದ. ಆರಿಸಿದ, ಎದ್ದವು. ಹಾಕಿದ, ಮಲಗಿದವು.

"ನೀವು ಹೇಳಿದ್ದು ನಿಜ," ಎಂದಳು ಅವಳು. "ಆ ಜಾಯಿಂಟು ನಂದು. ಲೈಟಿಗೆ ವೈರ್ ಎಳೆದು ಬೆಸೆಯದೇ ಬಿಟ್ಟಿದ್ದೆ. ನಾನೇ ಬಿಟ್ಟಿದ್ದು." ಬಿಚ್ಚಿದ ಟೇಪಿನ ತುಂಡನ್ನು ಅಂಗೈಯಲ್ಲಿ ಹಿಡಿದು ತೋರಿಸಿದಳು. ತುದಿಯ ಮಡಿಕೆ ಹಾಗೇ ಇತ್ತು. ಇನ್ನೂ ಹೇಳಬೇಕಾದದ್ದಿತ್ತು, ಅಂದು ಊಟದ ಹೊತ್ತಿನಲ್ಲಿ ಅವನನ್ನು ನಂಬದೇ ಹೋದದ್ದು. ಅದನ್ನು ಹೇಳುವ ಬದಲು ಅಂಗೈಯನ್ನು ಇನ್ನಷ್ಟು ಮುಂದೆ ಚಾಚಿದಳು.

ಬಾಗಿಲಲ್ಲಿ ನಿಂತಿದ್ದ ಡ್ರೈವರ್, "ಹಂಗಾದ್ರೆ ಮುಳ್ಳ..." ಎಂದವನು ನಾಲಿಗೆ ಕಚ್ಚಿಕೊಂಡ. ಏನೆಂದು ಕರೆಯಬೇಕೋ ತಿಳಿಯದೆ ಹೊರಗೆ ನೋಡತೊಡಗಿದ.

ಅಣ್ಣ ಒಳಗಿನಿಂದ ಬಂದು, ಕೆಮ್ಮಿ, ಚಕ್ರದ ಮೇಲೆ ಕೈ ಇಟ್ಟ. "ಹೋಗ್ಲಿ ಬಿಡಿ ಭಾವ," ಎಂದ. "ಆದದ್ದಾಯ್ತು."

ತಾನು ಅಂದು ಆಡಿದ್ದ ಆ ಮಾತು ಬೇರೆಯವರ ಬಾಯಲ್ಲಿ ಹೇಗೆ ಕೇಳುತ್ತದೆಂದು ಟೇಪಕ್ಕನಿಗೆ ಈಗ ಗೊತ್ತಾಯಿತು. ಗಂಡ ತನ್ನ ಕಡೆ ತಿರುಗುತ್ತಾನೆಂದು ಕಾದಳು. ಅವನು ತಿರುಗಲಿಲ್ಲ, ಬೈಯಲಿಲ್ಲ, ಇಳಿಯಲೂ ಇಲ್ಲ. ಅವನ ಕೈ ಮತ್ತೆ ದೀಪದ ಸ್ವಿಚ್ಚಿಗೆ ಹೋಯಿತು.

"ಬ್ಯಾಟರಿ ಇಳಿಯುತ್ತೆ ಭಾವ," ಎಂದ ಅಣ್ಣ, ಸಣ್ಣ ದನಿಯಲ್ಲಿ.

ಮೇಜಿನ ಮೇಲೆ ಕಡ್ಡಿ ಕಾದು ಹೊಗೆಯಾಡುತ್ತಿತ್ತು. ಅದನ್ನು ಆರಿಸಲು ಅವಳು ಗಾಡಿಯ ಮುಂದಿನಿಂದ ಹಾದು ಹಿಂಗೋಡೆಗೆ ಹೋದಳು. ಸ್ವಿಚ್ಚು ಆರಿಸಿ ತಿರುಗುವಷ್ಟರಲ್ಲಿ ಟ್ರ್ಯಾಕ್ಟರಿನ ದೀಪ ಹತ್ತಿತು. ತೂಗುಹಾಕಿದ ವೈರಿನ ಸುರುಳಿಗಳ ನಡುವೆ ಅವಳ ನೆರಳು ಗೋಡೆಯುದ್ದಕ್ಕೂ ಎದ್ದು ನಿಂತಿತು. ಆರಿತು, ಹೋಯಿತು. ಹತ್ತಿತು, ಬಂತು. ಅವಳು ಕಣ್ಣು ಕಿರಿದು ಮಾಡಿಕೊಂಡು, ಟೇಪಿನ ತುಂಡನ್ನು ಮುಷ್ಟಿಯಲ್ಲಿ ಹಿಡಿದು, ಬೆಳಕಿನ ಎದುರೇ ನಿಂತಳು. ಪಕ್ಕಕ್ಕೆ ಸರಿಯಲಿಲ್ಲ.