ಬೆನ್ನಿಗೆ ಸರಿದ ಕರಡಿಗೆ

ರುದ್ರಪ್ರಸಾದ್ ಮಾವ ಯಾವುದನ್ನೂ ಮೂಸದೆ ಬಾಯಿಗಿಡುವವರಲ್ಲ. ಹಾಲು, ಸಾರು, ಕೊನೆಗೆ ದೇವಸ್ಥಾನದ ತೀರ್ಥವೂ ಅವರ ಮೂಗಿನ ಅಪ್ಪಣೆ ಪಡೆದೇ ನಾಲಗೆಗೆ ಇಳಿಯಬೇಕು. ನಡಿಗೆಯೂ ಹಾಗೆಯೇ, ತುಂಬಿದ ಕೊಡ ಹೊತ್ತವರಂತೆ, ಏನೋ ತುಳುಕೀತೆಂಬ ಅಂಜಿಕೆಯಲ್ಲಿ. ಬಿಡದಿಯ ಕೈಗಾರಿಕಾ ಪ್ರದೇಶದ ಸಣ್ಣದೊಂದು ಬಿಯರ್ ಕಾರ್ಖಾನೆಯಲ್ಲಿ ರುಚಿ ನೋಡುವುದು ಅವರ ಕೆಲಸ. ಅಜ್ಜಿಗೆ ಮಾತ್ರ ಮಗ 'ಬಾರ್ಲಿ ಫ್ಯಾಕ್ಟರಿ'ಯವನು. ರೋಗಿಗಳಿಗೆ ಗಂಜಿ ಮಾಡುತ್ತಾನೆಂದು ಬೀದಿಯಲ್ಲೆಲ್ಲ ಹೇಳಿಕೊಳ್ಳುವ ಆಕೆಯನ್ನು ತಿದ್ದುವ ಧೈರ್ಯ ನಮಗಾರಿಗೂ ಇಲ್ಲ. ಮಾವ ತೊಟ್ಟಿಲಲ್ಲಿದ್ದಾಗಲೇ ತಾತ ಸಾರಾಯಿ ಕುಡಿದು ಸತ್ತಿದ್ದರು.

ಕಾಲೇಜಿನ ಪ್ರಾಜೆಕ್ಟಿಗೆಂದು ಯೀಸ್ಟ್ ನೋಡಲು ನಾನು ಅಲ್ಲಿಗೆ ಹೋದ ದಿನ, ಜೆಕ್ ದೇಶದ ಬಗೆಯ ಪಿಲ್ಸ್ನರ್ ಬಿಯರ್ ಮೊದಲ ಬಾರಿ ತಯಾರಾಗಿತ್ತು. ಲೋಟದಲ್ಲಿ ಹೊಂಬಣ್ಣ, ಮೇಲೆ ಕೆನೆಯಂಥ ನೊರೆ. ಮಾವ ಗೋಡೆಯತ್ತ ತಿರುಗಿ, ಅಂಗಿಯೊಳಗೆ ಕೈಹಾಕಿ, ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಬೆನ್ನಿಗೆ ಸರಿಸಿದರು. ಆಮೇಲೆ ಮೂಸಿದರು. ಉಗುಳುವಂತಿಲ್ಲವಂತೆ, ಬಿಯರಿನ ಕಹಿ ಗಂಟಲಿಳಿದ ಮೇಲೇ ತಿಳಿಯುವುದು. ಒಂದೇ ಗುಟುಕು ನುಂಗಿ ಕಣ್ಣು ಮುಚ್ಚಿದರು.

"ಇನ್ನೊಂದ್ ಗುಟುಕ್ ಹಾಕ್ಲಾ ಸ್ವಾಮಿ, ತೀರ್ಥ ಅಂದ್ಕೊ!" ಜೊತೆಗಾರ ಜಯಕುಮಾರ್ ನಕ್ಕರು.

ಮಾವನ ಕೈ ತಾನಾಗಿಯೇ ಲೋಟದತ್ತ ಹೋಯಿತು. ಹೋದದ್ದನ್ನು ಅವರೂ ಯಾರದೋ ಕೈಯನ್ನು ನೋಡುವಂತೆ ನೋಡಿದರು. ಸರಕ್ಕನೆ ಎಳೆದುಕೊಂಡು ಮುಷ್ಟಿ ಬಿಗಿದರು.

"ಕೆಟ್ಟೋಗೈತಾ ಮಾವ?"

"ಚೆನ್ನಾಗೈತೆ ಕಣವ್ವ. ಅದ್ಕೇ ಭಯ."

ರಾಮನಗರದ ಮನೆಗೆ ಬರುವವರೆಗೂ ಅವರು ಏಲಕ್ಕಿ ಜಗಿಯುತ್ತಲೇ ಇದ್ದರು. ಅಜ್ಜಿ ಮಜ್ಜಿಗೆ ಕೊಟ್ಟಳು. ಅದನ್ನು ಮೂಸುತ್ತ ಮಾವ ಬಾಗಿದಾಗ, ಅಂಗಿಯ ಬೆನ್ನಲ್ಲಿ ಗಂಟೊಂದು ಎದ್ದು ಕಂಡಿತು. ಕರಡಿಗೆಯನ್ನು ಎದೆಗೆ ತಂದುಕೊಳ್ಳಲು ಅಂದು ಮರೆತಿದ್ದರು.

ಅಜ್ಜಿ ಅದನ್ನು ಬಟ್ಟೆಯ ಮೇಲಿಂದಲೇ ಬೆರಳಲ್ಲಿ ಮುಟ್ಟಿದಳು.

"ಲಿಂಗ ಯಾಕ್ಲಾ ಬೆನ್ನಿಗೈತೆ? ನಿಮ್ಮಪ್ಪ ಸಾರಾಯಿ ಅಂಗಡಿಗ್ ಹೋಗೋವಾಗ ಹಿಂಗೇ ಸರಿಸ್ಕತಿದ್ದ. ನಿಂಗ್ಯಾರು ಹೇಳ್ಕೊಟ್ರು?"

ಯಾರೂ ಹೇಳಿಕೊಟ್ಟಿರಲಿಲ್ಲ. ಮಾವನ ಕೈಯ ಲೋಟದಿಂದ ಮಜ್ಜಿಗೆ ತುಳುಕಿ ಪಾದದ ಮೇಲೆ ಬಿತ್ತು.

ಅಪ್ಪನಂತಾಗಬಾರದೆಂದು ಬದುಕನ್ನೆಲ್ಲ ಅಳೆದಳೆದು ನಡೆಯುವವರಿದ್ದಾರೆ. ಒಂದೇ ಗುಟುಕಿಗೆ ನಿಲ್ಲುವುದನ್ನು ಅವರು ಹೇಗೋ ಕಲಿತುಬಿಡುತ್ತಾರೆ. ಆದರೆ ಮುಖವೇ ನೆನಪಿಲ್ಲದ ಆ ಅಪ್ಪ, ಅವರು ಕಾವಲಿಟ್ಟ ಬಾಯಿಯ ಗೊಡವೆಗೇ ಹೋಗದೆ, ಯಾವತ್ತೋ ಬಂದು ಅವರ ಕೈಯೊಳಗೆ ಕೂತಿರುತ್ತಾನೆ.