ಅಂಟಿಸದ ಲಕೋಟೆ

ಕೋರ್ಟಿನ ವರಾಂಡದಲ್ಲಿ ಎಲ್ಲರೂ ಅವನನ್ನು ಲಕೋಟೆ ವಕೀಲ ಎಂದೇ ಕರೆಯುತ್ತಿದ್ದರು. ಇಮೇಲ್ ಆದರೂ ಅದು ಅಂಟಿಸಿದ ಲಕೋಟೆಯೇ, ಬರೆದವರು ಮತ್ತು ಪಡೆದವರನ್ನು ಬಿಟ್ಟು ಬೇರೆ ಯಾರೂ ಅದನ್ನು ಒಡೆಯಬಾರದು, ಕಂಪನಿಯ ಯಂತ್ರವೂ ಒಡೆಯಬಾರದು ಎಂದು ಆರು ವರ್ಷ ಗಂಟಲು ಹರಿದುಕೊಂಡು ವಾದಿಸಿದ್ದ. ಹೋದ ವಾರ ಗೆದ್ದೂ ಬಿಟ್ಟ. ಕಂಪನಿಗಳು ಜನರ ಪತ್ರಗಳನ್ನು ಜಾಲಾಡುವುದು ಇಂದಿನಿಂದಲೇ ನಿಲ್ಲಬೇಕು ಎಂದು ತೀರ್ಪಾಯಿತು. ಎದುರು ಪಕ್ಷದ ವಕೀಲರೇ ಬಂದು ಕೈ ಕುಲುಕಿದರು. ಇಷ್ಟಾದ ಮೇಲೆ ಮನುಷ್ಯ ಕಾಲು ಚಾಚಿ ಮಲಗಬೇಕು ತಾನೇ? ನಮ್ಮ ವಕೀಲನಿಗೆ ಆ ಭಾಗ್ಯವಿರಲಿಲ್ಲ. ತೀರ್ಪಿಗೆ ಮೂರೇ ದಿನ ಮೊದಲು ಯಂತ್ರ ಹಿಡಿದು ಹಾಕಿದ ಪತ್ರಗಳಲ್ಲಿ ಒಂದು ಅವನ ಅಕ್ಕನದು.

ಅಕ್ಕ ಮಕ್ಕಳ ಆಸ್ಪತ್ರೆಯಲ್ಲಿ ಹಿರಿಯ ನರ್ಸ್. ಪರಿಚಯದ ಚರ್ಮದ ಡಾಕ್ಟರಿಗೆ ಯಾವುದೋ ಮಗುವಿನ ಬೆನ್ನಿನ ಫೋಟೋ ಕಳಿಸಿ ಏನೋ ಕೇಳಿದ್ದಳು. ಮಕ್ಕಳ ಅಶ್ಲೀಲ ಚಿತ್ರ ಹುಡುಕುವ ಯಂತ್ರಕ್ಕೆ ಬೆನ್ನು ಕಂಡಿತು, ಬಟ್ಟೆ ಕಾಣಲಿಲ್ಲ. ಆ ಪತ್ರವನ್ನು ಎರಡೂ ಕಡೆಯಿಂದ ಕಿತ್ತುಕೊಂಡು ಕಂಪನಿ ಅವಳ ಖಾತೆಗೆ ಬೀಗ ಜಡಿಯಿತು. ಮಕ್ಕಳ ನಡುವೆ ಕೆಲಸ ಮಾಡುವವಳು ಎಂದು ಆಸ್ಪತ್ರೆಗೂ ಒಂದು ಸಾಲಿನ ಎಚ್ಚರಿಕೆ ಹೋಯಿತು. ಇವತ್ತು ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆಯ ಸಮಿತಿಯ ಮುಂದೆ ವಿಚಾರಣೆ. ಬಾಯಿಮಾತು ನಡೆಯುವುದಿಲ್ಲ, ಪತ್ರವನ್ನೇ ತೋರಿಸಬೇಕು. ಇಲ್ಲದಿದ್ದರೆ ಇಪ್ಪತ್ತೆರಡು ವರ್ಷದ ಕೆಲಸ ಹೋದಂತೆಯೇ.

ವಕೀಲ ಬೆಳಗ್ಗೆಯೇ ಕಂಪನಿಗೆ ಫೋನ್ ಮಾಡಿ ಹಾರಾಡಿದ್ದ. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು.

"ಪತ್ರ ನಮ್ಮಲ್ಲೇ ಇದೆ ಸರ್. ಆದ್ರೆ ನಾವು ತೆರೆಯೋ ಹಾಗಿಲ್ಲ. ನೀವೇ ತಂದ ತೀರ್ಪು."

"ಬರೆದೋರು ಒಪ್ಪಿಗೆ ಕೊಟ್ರೆ ತೆರೀಬಹುದು ಅಂತಾನೂ ಅದ್ರಲ್ಲಿದೆಯಲ್ರೀ!"

"ಇದೆ ಸರ್. ಆ ಒಪ್ಪಿಗೆ ಅದೇ ಖಾತೆಯಿಂದ ಬರಬೇಕು ಅಂತಾನೂ ಇದೆ. ಖಾತೆಗೆ ಬೀಗ ಬಿದ್ದಿದೆ."

ಅವನು ಫೋನ್ ಇಟ್ಟುಬಿಟ್ಟ. ಯಾರೂ ಸುಳ್ಳು ಒಪ್ಪಿಗೆ ಹುಟ್ಟಿಸಬಾರದೆಂದು ಆ ಸಾಲನ್ನು ಬರೆದುಕೊಟ್ಟವನು ಅವನೇ. ನ್ಯಾಯಾಧೀಶರು ಅದನ್ನು ಮೆಚ್ಚಿಕೊಂಡು ಹಾಗೆಯೇ ಎತ್ತಿಕೊಂಡಿದ್ದರು. ಬೀಗ ಬಿದ್ದ ಖಾತೆಯ ವಿಚಾರ ಮಾತ್ರ ಇವನಿಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ.

ಆಗ ಅಕ್ಕನಿಗೆ ನೆನಪಾಯಿತು. ಡಾಕ್ಟರು ಹಳೆಯ ಕಾಲದವರು, ಬಂದ ಇಮೇಲನ್ನೆಲ್ಲ ತಮ್ಮ ಉತ್ತರದ ಸಮೇತ ಕಾಗದದ ಮೇಲೆ ಪ್ರಿಂಟ್ ಹಾಕಿಸಿ ಫೈಲಿಗೆ ಸೇರಿಸುತ್ತಾರೆ. ಅವಳನ್ನು ಬೆಳಗಿನಿಂದಲೇ ಹೇಳಿಕೆ ಬರೆಸಲು ಆಸ್ಪತ್ರೆಯ ಕಚೇರಿಯಲ್ಲಿ ಕೂರಿಸಿಕೊಂಡಿದ್ದರು. ಅಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿದಳು.

"ಡಾಕ್ಟ್ರಿಗೆ ಹೇಳಿದೀನಿ, ಹೋಗಿ ಇಸ್ಕೊಂಡು ಬಾ. ಆದ್ರೆ ಒಂದು ಮಾತು ಕಣೋ. ನೀನು ಅದನ್ನ ಓದ್ಬೇಡ."

"ಇದೊಳ್ಳೆ ಕಥೆ! ಸಮಿತಿಯವ್ರು ಐದೈದು ಜನ ಓದ್ಬಹುದು, ಒಡಹುಟ್ಟಿದೋನು ನಾನು ಓದ್ಬಾರ್ದಾ?"

"ಅವ್ರು ಹೊರಗಿನವ್ರು. ಓದಿ ಮರೀತಾರೆ. ಮಾತು ಕೊಡು."

ಕೊಟ್ಟ.

ಡಾಕ್ಟರು ಫೈಲಿನಿಂದ ಹಾಳೆ ತೆಗೆದು, ಮಡಿಸಿ, ಕಂದು ಲಕೋಟೆಗೆ ಹಾಕಿದರು. ಅಂಟಿಸಲಿಲ್ಲ. "ನಿಮ್ಮ ಕೈಗೆ ಕೊಟ್ಮೇಲೆ ಅಂಟು ಯಾಕೆ ಬಿಡಿ," ಎಂದು ನಕ್ಕರು. ವಕೀಲನೂ ನಕ್ಕ. ಆ ನಗು ಮೆಟ್ಟಿಲು ಇಳಿಯುವಷ್ಟರಲ್ಲಿ ಮುಗಿಯಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ. ಲಕೋಟೆಯನ್ನು ಚೀಲಕ್ಕೆ ಹಾಕಿದ, ಮಡಚಿಹೋದೀತೆಂದು ಹೊರಗೆ ತೆಗೆದ, ತೊಡೆಯ ಮೇಲಿಟ್ಟುಕೊಂಡ, ಗಾಳಿಗೆ ಹಾರೀತೆಂದು ಮತ್ತೆ ಒಳಗಿಟ್ಟ. ಯಾವ ಮಗು ಅದು? ತನಗೆ ಹೇಳಬಾರದಂಥದ್ದು ಅಕ್ಕನಿಗೇನಿದೆ? ಒಂದು ವೇಳೆ ಅದರಲ್ಲಿ ಅವಳಿಗೇ ಮುಳುವಾಗುವ ಮಾತೇನಾದರೂ ಇದ್ದರೆ? ವಕೀಲನಾದವನು ಮೊದಲೇ ನೋಡಿಕೊಳ್ಳುವುದು ಬೇಡವೇ? ಇದೇ ಮಾತನ್ನು ಕಂಪನಿಯವರು ಹೇಳಿದ್ದರು, ಒಳ್ಳೆಯದಕ್ಕಾಗಿಯೇ ನೋಡುತ್ತೇವೆ ಅಂತ. ಆಗ ಇವನು ಮೇಜು ಗುದ್ದಿ ಎದ್ದು ನಿಂತಿದ್ದ. ಈಗ ಗುದ್ದಲು ಮೇಜಿರಲಿಲ್ಲ. ಸಿಗ್ನಲಿನಲ್ಲಿ ಬಸ್ಸು ನಿಂತಿತು. ಅಕ್ಕಪಕ್ಕ ನೋಡಿ, ಕಳ್ಳನ ಹಾಗೆ, ಹಾಳೆಯನ್ನು ಹೊರಗೆಳೆದ.

"ಡಾಕ್ಟರೇ, ಇದು ನನ್ನ ತಮ್ಮನ ಮಗಳು. ಒಂಬತ್ತು ವರ್ಷ. ರಜೆಗೆ ಬಂದಿದ್ದಾಗ ಸ್ನಾನ ಮಾಡಿಸುತ್ತಾ ಈ ಗೆರೆಗಳನ್ನು ನೋಡಿದೆ. ಕೇಳಿದರೆ ಗೊತ್ತಿಲ್ಲ ಅನ್ನುತ್ತಾಳೆ. ಇವು ಏಟಿನ ಗುರುತುಗಳೇ? ತಮ್ಮ ಕೆಟ್ಟವನಲ್ಲ. ಆದರೆ ಈ ಕೇಸು ಹಿಡಿದ ಮೇಲೆ ಮುಟ್ಟಿದರೆ ಸಿಡಿಯುತ್ತಾನೆ. ಬಾಗಿಲಿಗೆ ಅವನ ಕೀಲಿ ಬಿದ್ದ ಸದ್ದಾದರೆ ಸಾಕು, ಮಗು ಟೀವಿ ಆರಿಸಿ ಕೋಣೆಗೆ ಓಡುತ್ತದೆ. ಅವರ ಮನೆಗೆ ಹೋದಾಗ ಕಣ್ಣಾರೆ ನೋಡಿದ್ದೇನೆ. ಅವನನ್ನೇ ಕೇಳಲು ನನಗೆ ಬಾಯಿ ಬರುತ್ತಿಲ್ಲ."

ಕೆಳಗೆ ಡಾಕ್ಟರ ಉತ್ತರ. "ಏಟಲ್ಲ. ಈಜುಡುಪಿನ ಪಟ್ಟಿ ಚರ್ಮಕ್ಕೆ ಒಗ್ಗಿಲ್ಲ. ಮುಲಾಮು ಹಚ್ಚಿ, ಬೇರೆ ಉಡುಪು ಕೊಡಿಸಿ. ನಿಶ್ಚಿಂತೆಯಾಗಿರಿ."

ಅವನ ಕಿವಿ ಬಿಸಿಯಾಯಿತು. ಮಗಳ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಎತ್ತಿ ಆಡಿಸಿದ ಅಕ್ಕನೇ ತನ್ನನ್ನು ಹೀಗೆ ತಿಳಿದಳಲ್ಲ ಎಂದು ಸಿಟ್ಟು ಉಕ್ಕಿತು. ಎರಡು ಸ್ಟಾಪ್ ದಾಟುವವರೆಗೂ ಮನಸ್ಸಿನಲ್ಲೇ ಅವಳನ್ನು ಬೈದ. ಮೂರನೆಯ ಸ್ಟಾಪಿನಲ್ಲಿ ಕೀಲಿಯ ಮಾತು ನೆನಪಾಯಿತು. ತಾನು ಮನೆಗೆ ಹೋದಾಗ ಟೀವಿ ಓಡುತ್ತಿದ್ದುದನ್ನು ಕಂಡು ಎಷ್ಟು ಕಾಲವಾಯಿತು? "ನನ್ನ ಮಗಳಿಗೆ ಟೀವಿ ಹುಚ್ಚೇ ಇಲ್ಲ ಕಣ್ರೀ," ಎಂದು ವರಾಂಡದಲ್ಲಿ ಕೊಚ್ಚಿಕೊಂಡಿದ್ದ. ಹಾಳೆಯನ್ನು ಮೊದಲಿನ ಮಡಿಕೆಗೇ ಮಡಿಸಿ ಒಳಗಿಟ್ಟ.

ಮೂರಕ್ಕೆ ಹತ್ತು ನಿಮಿಷವಿರುವಾಗ ಅಕ್ಕ ಲಕೋಟೆ ಇಸಿದುಕೊಂಡು ಒಳಗೆ ಹೋದಳು. ಅರ್ಧ ಗಂಟೆಯಲ್ಲಿ ಹೊರಬಂದಳು. ಮುಖದ ಮೇಲೆ ಜೀವ ಬಂದಿತ್ತು.

"ನಾಳೆಯಿಂದ ಡ್ಯೂಟಿಗೆ ಬಾ ಅಂದ್ರು," ಎಂದವಳು ಅವನನ್ನು ನಿಟ್ಟಿಸಿ ನೋಡಿದಳು. "ಓದ್ಲಿಲ್ಲ ತಾನೇ?"

"ಛೇ, ಏನಕ್ಕಾ ನೀನು. ನಾನಾ?"

"ಗೊತ್ತು ಬಿಡೋ. ನೀನು ಅಂಥೋನಲ್ಲ." ಅವಳು ಅವನ ತೋಳು ತಟ್ಟಿದಳು. ಅವಳ ಕಣ್ಣಲ್ಲಿ ನೀರಿತ್ತು. ಅವನಿಗೆ ಅಲ್ಲಿ ಒಂದು ಕ್ಷಣವೂ ನಿಲ್ಲಲಾಗಲಿಲ್ಲ. ಕೆಲಸವಿದೆ ಎಂದು ಹೇಳಿ ಹೊರಟುಬಿಟ್ಟ.

ಕೋರ್ಟಿಗೆ ಹೋಗಲಿಲ್ಲ, ಮನೆಗೆ ಹೋದ. ಸಂಜೆ ಐದೂ ಆಗಿರಲಿಲ್ಲ. ಹೆಂಡತಿ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಮೆಟ್ಟಿಲು ಹತ್ತುವಾಗಲೇ ಒಳಗೆ ಟೀವಿಯ ಸದ್ದು ಕೇಳಿಸಿತು. ಯಾವುದೋ ಕಾರ್ಟೂನಿನ ಕಿರುಚಾಟ, ಅದರ ಮೇಲೆ ಮಗಳ ನಗು. ಅವಳು ಅಷ್ಟು ಜೋರಾಗಿ ನಗುತ್ತಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಕೇಳುತ್ತಾ ನಿಂತವನು, ಅಭ್ಯಾಸಬಲದಿಂದ ಕೀಲಿ ತೆಗೆದು ಬೀಗಕ್ಕೆ ಹಾಕಿದ.

ನಗು ನಿಂತಿತು. ಟೀವಿ ಆರಿತು. ಓಡುವ ಪುಟ್ಟ ಹೆಜ್ಜೆಗಳು, ಆಮೇಲೆ ಒಳಕೋಣೆಯ ಬಾಗಿಲು ಮುಚ್ಚಿದ ಸದ್ದು.

ಅವನು ಕೀಲಿಯನ್ನು ತಿರುಗಿಸಲಿಲ್ಲ. ಮೆಲ್ಲಗೆ ಹೊರಗೆಳೆದು ಜೇಬಿಗೆ ಹಾಕಿಕೊಂಡ. ತನ್ನ ಮನೆಯ ಬಾಗಿಲನ್ನು ತಾನೇ ಬೆರಳಿನಿಂದ ತಟ್ಟಿದ. ತುಂಬಾ ಹೊತ್ತಿನ ಮೇಲೆ ಬಾಗಿಲ ಹಿಂದಿನಿಂದ ಸಣ್ಣ ದನಿ ಬಂತು.

"ಯಾರು?"

ಆರು ವರ್ಷ ಕೋರ್ಟಿನಲ್ಲಿ ಒಂದು ಮಾತಿಗೂ ತಡವರಿಸದವನಿಗೆ, ಅಪ್ಪ ಎನ್ನುವ ಎರಡಕ್ಷರ ಬಾಯಿಗೆ ಬರಲು ಹೊತ್ತು ಹಿಡಿಯಿತು.